ಆಮ್ಲ ಮತ್ತು ಪಿತ್ತದ ಪರೀಕ್ಷೆ ಗೆದ್ದ ಬ್ಯಾಕ್ಟೀರಿಯಾವನ್ನು ಪ್ರೊಬಯಾಟಿಕ್ ಎನ್ನಬಹುದೇ?

ನೀಲಾಂಬರಿ

ಎಲ್ಲರಿಗೂ ನಮಸ್ಕಾರ. ನಾನು ಸೂಕ್ಷ್ಮಜೀವಿ ವಿಜ್ಞಾನದ ಸಂಶೋಧನಾ ವಿದ್ಯಾರ್ಥಿನಿ. ಸಾಂಪ್ರದಾಯಿಕ ವಿಧಾನದಲ್ಲಿ ಉಪ್ಪುನೀರಿನಲ್ಲಿ ಹುದುಗಿಸಿದ ತರಕಾರಿಗಳಿಂದ ಲ್ಯಾಕ್ಟಿಕ್ ಆಮ್ಲ ಉತ್ಪಾದಿಸುವ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿ, ಎಂಆರ್‌ಎಸ್ ಅಗರ್ ಎಂಬ ಪೋಷಕ ಮಾಧ್ಯಮದ ಮೇಲೆ ಬೆಳೆಸಿ, ಶುದ್ಧೀಕರಿಸಿ ಇಟ್ಟುಕೊಂಡಿದ್ದೇನೆ. ಪಿಎಚ್ 3ರಲ್ಲಿ ಮೂರು ಗಂಟೆ, ಶೇಕಡಾ 0.3ರ ಪಿತ್ತಲವಣದಲ್ಲಿ ನಾಲ್ಕು ಗಂಟೆ ಇಟ್ಟು ನೋಡಿದಾಗ ಅವುಗಳಲ್ಲಿ ಕೆಲವು ಚೆನ್ನಾಗಿ ಬದುಕುಳಿದವು. ಆ ಫಲಿತಾಂಶವನ್ನು ನೆಚ್ಚಿ ಪ್ರಬಂಧದ ಕರಡಿನಲ್ಲಿ ‘ಈ ಆಹಾರದಲ್ಲಿ ಪ್ರೊಬಯಾಟಿಕ್ ಬ್ಯಾಕ್ಟೀರಿಯಾಗಳಿವೆ’ ಎಂದು ಬರೆದಿದ್ದೆ. ನನ್ನ ಮಾರ್ಗದರ್ಶಕರು ಆ ವಾಕ್ಯದ ಕೆಳಗೆ ಕೆಂಪು ಗೆರೆ ಎಳೆದು, ಅಂಚಿನಲ್ಲಿ ‘ಯಾರಿಗೆ, ಯಾವ ಪ್ರಯೋಜನ?’ ಎಂದಷ್ಟೇ ಬರೆದು ಹಿಂದಿರುಗಿಸಿದ್ದಾರೆ.

ನನ್ನ ಪ್ರಶ್ನೆಗಳು ಎರಡು. ಬೇರ್ಪಡಿಸಿದ ಬ್ಯಾಕ್ಟೀರಿಯಾವೊಂದು ಯಾವ ಹಂತವನ್ನು ದಾಟಿದ ಮೇಲೆ ಪ್ರೊಬಯಾಟಿಕ್ ಎಂಬ ಹೆಸರಿಗೆ ಅರ್ಹವಾಗುತ್ತದೆ? ಎರಡನೆಯದಾಗಿ, ಬ್ಯಾಕ್ಟೀರಿಯಾಗಳನ್ನು ಗುರುತಿಸಲು ಬಳಸುವ 16ಎಸ್ ವಂಶವಾಹಿಯ ಅನುಕ್ರಮದ ಪ್ರಕಾರ ನನ್ನ ಬಹುತೇಕ ತಳಿಗಳು ಲ್ಯಾಕ್ಟಿಪ್ಲಾಂಟಿಬ್ಯಾಸಿಲಸ್ ಪ್ಲಾಂಟಾರಮ್ ಎಂದೇ ಬಂದಿವೆ. ಎಲ್ಲವೂ ಒಂದೇ ಪ್ರಭೇದವಾದರೆ ‘ಆನುವಂಶಿಕ ವೈವಿಧ್ಯ’ ಎಂಬ ನನ್ನ ಅಧ್ಯಾಯದಲ್ಲಿ ಹೇಳುವುದಕ್ಕೆ ಏನು ಉಳಿಯುತ್ತದೆ?

ತುಂಬೆಹೂ

ನೀಲಾಂಬರಿಯವರೇ, ನಿಮ್ಮ ಮಾರ್ಗದರ್ಶಕರ ಪ್ರಶ್ನೆಯಲ್ಲಿಯೇ ಉತ್ತರದ ಮುಕ್ಕಾಲು ಪಾಲು ಇದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ ಹಾಗೂ ವಿಶ್ವ ಆರೋಗ್ಯ ಸಂಸ್ಥೆಗಳ ತಜ್ಞರು 2001ರಲ್ಲಿ ಕೊಟ್ಟ ವ್ಯಾಖ್ಯೆ, 2014ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಒಮ್ಮತದ ಹೇಳಿಕೆಯಲ್ಲಿಯೂ ಸಣ್ಣ ಮಾತಿನ ತಿದ್ದುಪಡಿಯೊಂದಿಗೆ ಹಾಗೆಯೇ ಉಳಿದಿದೆ: ಸಾಕಷ್ಟು ಪ್ರಮಾಣದಲ್ಲಿ ಸೇವಿಸಿದಾಗ ಸೇವಿಸಿದವರ ಆರೋಗ್ಯಕ್ಕೆ ಪ್ರಯೋಜನ ನೀಡುವ ಜೀವಂತ ಸೂಕ್ಷ್ಮಜೀವಿಗಳು. ಇದರಲ್ಲಿ ಆಮ್ಲದ ಮಾತಿಲ್ಲ, ಪಿತ್ತದ ಮಾತಿಲ್ಲ, ಕರುಳಿಗೆ ಅಂಟಿಕೊಳ್ಳಬೇಕೆಂಬ ಷರತ್ತೂ ಇಲ್ಲ. ಜೀವಂತವಾಗಿರಬೇಕು, ಪ್ರಮಾಣ ಗೊತ್ತಿರಬೇಕು, ಪ್ರಯೋಜನ ಸಾಬೀತಾಗಿರಬೇಕು, ಅಷ್ಟೇ. ನೀವು ಮಾಡಿದ ಪರೀಕ್ಷೆಗಳು ಆ ದಾರಿಯ ಆರಂಭದಲ್ಲಿ ಜರಡಿ ಹಿಡಿಯುವ ಕೆಲಸಗಳು. ಜರಡಿಯಲ್ಲಿ ಉಳಿದದ್ದನ್ನು ‘ಪ್ರೊಬಯಾಟಿಕ್ ಸಾಮರ್ಥ್ಯವಿರಬಹುದಾದ ತಳಿ’ ಎನ್ನಬಹುದು. ಪ್ರೊಬಯಾಟಿಕ್ ಎನ್ನುವುದಕ್ಕೆ ಮನುಷ್ಯರಲ್ಲಿ ನಡೆದ ಅಧ್ಯಯನ ಬೇಕು.

ಈ ಜರಡಿಯ ಬಗ್ಗೆಯೇ ನನಗೆ ಒಂದು ಆಕ್ಷೇಪವಿದೆ, ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮೊಸರನ್ನು ಹೆಪ್ಪುಗಟ್ಟಿಸುವ ಎರಡು ಬ್ಯಾಕ್ಟೀರಿಯಾಗಳನ್ನು ತೆಗೆದುಕೊಳ್ಳಿ: ಲ್ಯಾಕ್ಟೋಬ್ಯಾಸಿಲಸ್ ಡೆಲ್ಬ್ರೂಕಿಯ ಬಲ್ಗೇರಿಕಸ್ ಉಪಪ್ರಭೇದ ಮತ್ತು ಸ್ಟ್ರೆಪ್ಟೊಕಾಕಸ್ ಥರ್ಮೊಫಿಲಸ್. ಬಲ್ಗೇರಿಕಸ್ಸನ್ನು 1905ರಲ್ಲಿ ಬಲ್ಗೇರಿಯದ ಸ್ಟಾಮೆನ್ ಗ್ರಿಗೊರೋವ್ ಗುರುತಿಸಿದರು. ಅದು ಕರುಳಿನಲ್ಲಿ ನೆಲೆಸಿ ಮುಪ್ಪನ್ನು ಮುಂದೂಡುತ್ತದೆ ಎಂದು ವಿಜ್ಞಾನಿ ಇಲ್ಯಾ ಮೆಚ್ನಿಕೋಫ್ ನಂಬಿದ್ದರು. ಅದು ಅಲ್ಲಿ ನೆಲೆಸುವುದಿಲ್ಲ ಎಂಬುದು ಆಮೇಲೆ ತಿಳಿಯಿತು. ನಿಮ್ಮ ಪರೀಕ್ಷೆಗಳಿಗೆ ಒಡ್ಡಿದರೆ ಈ ಜೋಡಿ ಸಾಮಾನ್ಯವಾಗಿ ಕಳಪೆ ಅಂಕ ಪಡೆಯುತ್ತದೆ. ಹೀಗಿದ್ದರೂ, ಲ್ಯಾಕ್ಟೋಸ್ ಜೀರ್ಣವಾಗದವರಿಗೆ ಜೀವಂತ ಮೊಸರಿನ ಬ್ಯಾಕ್ಟೀರಿಯಾಗಳು ನೆರವಾಗುತ್ತವೆ ಎಂಬ ಹೇಳಿಕೆಯನ್ನು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2010ರಲ್ಲಿ ಒಪ್ಪಿಕೊಂಡಿತು. ಗ್ರಾಮಿಗೆ ಕನಿಷ್ಠ ಹತ್ತು ಕೋಟಿ ಜೀವಂತ ಕೋಶಗಳಿರಬೇಕು ಎಂಬುದು ಅದರ ಷರತ್ತು. ಇತರ ತಳಿಗಳ ಪರವಾಗಿ ಬಂದ ಅರ್ಜಿಗಳನ್ನು ಒಂದರ ಮೇಲೊಂದರಂತೆ ತಿರಸ್ಕರಿಸಿದ ಸಂಸ್ಥೆಯೇ ಇದನ್ನು ಒಪ್ಪಿದ್ದು ಎಂಬುದನ್ನು ಗಮನಿಸಿ.

ಇದು ಕೆಲಸ ಮಾಡುವ ಬಗೆ ಇನ್ನೂ ಸ್ವಾರಸ್ಯದ್ದು. ಲ್ಯಾಕ್ಟೋಸನ್ನು ಒಡೆಯುವ ಬೀಟಾ-ಗ್ಯಾಲಕ್ಟೋಸಿಡೇಸ್ ಎಂಬ ಕಿಣ್ವ ಬ್ಯಾಕ್ಟೀರಿಯಾದ ಕೋಶದ ಒಳಗಿದೆ. ಜಠರವನ್ನು ದಾಟುವವರೆಗೆ ಕೋಶದ ಗೋಡೆ ಅದನ್ನು ಆಮ್ಲದಿಂದ ಕಾಪಾಡುತ್ತದೆ. ಸಣ್ಣ ಕರುಳಿನಲ್ಲಿ ಪಿತ್ತಲವಣ ತಗುಲಿದಾಗ ಕೋಶದ ಪೊರೆ ಸಡಿಲಗೊಂಡು, ಒಳಗಿನ ಕಿಣ್ವಕ್ಕೆ ಹೊರಗಿನ ಲ್ಯಾಕ್ಟೋಸ್ ಸಿಗುತ್ತದೆ. ಅಂದರೆ ಇಲ್ಲಿ ಪಿತ್ತಕ್ಕೆ ಸೋಲುವುದರಿಂದಲೇ ಉಪಕಾರವಾಗುತ್ತಿದೆ. ಪಿತ್ತ ಸಹಿಷ್ಣುತೆಯೊಂದನ್ನೇ ಅಳತೆಗೋಲು ಮಾಡಿಕೊಂಡಿದ್ದರೆ ಈ ಬ್ಯಾಕ್ಟೀರಿಯಾವನ್ನು ನಾವು ಮೊದಲ ವಾರವೇ ಎಸೆದುಬಿಡುತ್ತಿದ್ದೆವು.

ಕಿರುದೀಪ

ಎರಡನೆಯ ಪ್ರಶ್ನೆಗೆ ನಾನು ಉತ್ತರಿಸಲು ಪ್ರಯತ್ನಿಸುತ್ತೇನೆ. 16ಎಸ್ ವಂಶವಾಹಿ ಸುಮಾರು 1,500 ಡಿಎನ್‌ಎ ಅಕ್ಷರಗಳಷ್ಟು ಉದ್ದದ್ದು ಮತ್ತು ಬಹಳ ನಿಧಾನವಾಗಿ ಬದಲಾಗುವಂಥದ್ದು. ಕುಲವನ್ನು ಗುರುತಿಸಲು ಅದು ಸಾಕು, ಆದರೆ ಪ್ಲಾಂಟಾರಮ್, ಪ್ಯಾರಾಪ್ಲಾಂಟಾರಮ್, ಪೆಂಟೋಸಸ್ ಎಂಬ ಮೂರು ಹತ್ತಿರದ ಪ್ರಭೇದಗಳನ್ನು ಅದು ಬೇರ್ಪಡಿಸಲಾರದು. ಆದ್ದರಿಂದ ನಿಮ್ಮ ‘ಪ್ಲಾಂಟಾರಮ್’ಗಳಲ್ಲಿ ಕೆಲವು ನಿಜವಾಗಿ ಪೆಂಟೋಸಸ್ ಆಗಿರಬಹುದು. ಹುದುಗಿಸಿದ ತರಕಾರಿಗಳಲ್ಲಿ ಆ ಪ್ರಭೇದವೂ ಸಿಗುತ್ತದೆ. ಮೊದಲು ರೆಕ್‌ಎ ವಂಶವಾಹಿಯನ್ನು ಆಧರಿಸಿದ ಪಿಸಿಆರ್ (ಡಿಎನ್‌ಎ ತುಣುಕನ್ನು ನಕಲು ಮಾಡಿ ಹೆಚ್ಚಿಸುವ ವಿಧಾನ) ಮಾಡಿ ಈ ಮೂರನ್ನು ವಿಂಗಡಿಸಿಕೊಳ್ಳಿ.

ಅದಕ್ಕಿಂತಲೂ ಮುಖ್ಯವಾದ ಮಾತೊಂದಿದೆ. ನನ್ನ ಮೊದಲ ವರ್ಷದಲ್ಲಿ ಒಂದೇ ಮಾದರಿಯಿಂದ ಹನ್ನೆರಡು ಕಾಲೊನಿಗಳನ್ನು ಆರಿಸಿ, ಹನ್ನೆರಡು ಸಂಖ್ಯೆಗಳನ್ನು ಕೊಟ್ಟು, ಒಂದೊಂದಕ್ಕೂ ಎಲ್ಲ ಪರೀಕ್ಷೆಗಳನ್ನೂ ಮಾಡಿದ್ದೆ. ತಿಂಗಳುಗಳ ನಂತರ ತಳಿಯ ಡಿಎನ್‌ಎ ಬೆರಳಚ್ಚು ತೆಗೆಯುವ ರೆಪ್-ಪಿಸಿಆರ್ ಮಾಡಿ ಜೆಲ್ ಓಡಿಸಿ, ನೀಲಿ ಬೆಳಕಿನ ಕೆಳಗೆ ಹಿಡಿದು ನೋಡಿದಾಗ ಹತ್ತು ಸಾಲುಗಳಲ್ಲಿ ಪಟ್ಟಿಗಳು ಅಚ್ಚು ಹೊಡೆದಂತೆ ಒಂದೇ ಎತ್ತರದಲ್ಲಿ ನಿಂತಿದ್ದವು. ಹತ್ತು ತಳಿಗಳೆಂದು ತಿಳಿದು ನಾನು ಪರೀಕ್ಷಿಸಿದ್ದು ಒಂದೇ ತಳಿಯ ಹತ್ತು ಪ್ರತಿಗಳನ್ನು. ಸರಾಸರಿ, ವ್ಯತ್ಯಾಸ ಎಂದು ನಾನು ಲೆಕ್ಕ ಹಾಕಿದ್ದೆಲ್ಲ ಅರ್ಥ ಕಳೆದುಕೊಂಡಿತು. ಆದ್ದರಿಂದ ತಳಿಗಳ ಬೆರಳಚ್ಚನ್ನು ಮೊದಲು ತೆಗೆಯಿರಿ, ಒಂದೇ ಬಗೆಯವನ್ನು ಒಂದು ಗುಂಪಿಗೆ ಹಾಕಿ, ಗುಂಪಿಗೊಂದು ಪ್ರತಿನಿಧಿಯನ್ನು ಆರಿಸಿಕೊಂಡು ಆಮೇಲೆ ಪರೀಕ್ಷೆಗೆ ಇಳಿಯಿರಿ.

ಅನುಕೂಲವಿದ್ದರೆ ಪ್ರತಿನಿಧಿಗಳ ಪೂರ್ಣ ಜೀನೋಮ್ (ಇಡೀ ಡಿಎನ್‌ಎ ಅನುಕ್ರಮ) ಓದಿಸಿ. ಎರಡು ಜೀನೋಮ್‌ಗಳ ಸರಾಸರಿ ಹೋಲಿಕೆ ಶೇಕಡಾ 95-96ಕ್ಕಿಂತ ಹೆಚ್ಚಿದ್ದರೆ ಅವು ಒಂದೇ ಪ್ರಭೇದ ಎಂಬುದು ಈಗಿನ ರೂಢಿ. ಉಳಿದ ಆ ಕೆಲವೇ ಶೇಕಡಾದಲ್ಲಿ ಮತ್ತು ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದ ವಂಶವಾಹಿಗಳಲ್ಲಿ ನಿಮ್ಮ ಅಧ್ಯಾಯದ ಸಾಮಗ್ರಿಯೆಲ್ಲ ಇದೆ.

ಹೊಂಬೆಳಕು

ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ, ಆಸಕ್ತ ಓದುಗ ಮಾತ್ರ. ಪ್ರಭೇದ ಒಂದೇ ಆಗಿದ್ದ ಮೇಲೆ ತಳಿಯಿಂದ ತಳಿಗೆ ಅಷ್ಟೊಂದು ವ್ಯತ್ಯಾಸ ಇರಲು ಸಾಧ್ಯವೇ? ಒಂದು ತಳಿಗೆ ಇರುವ ಗುಣ ಅದರ ಒಡಹುಟ್ಟಿದ ತಳಿಗೂ ಇರುತ್ತದೆ ಎಂದುಕೊಂಡರೆ ತಪ್ಪೇನು?

ಕಿರುದೀಪ

ಹೊಂಬೆಳಕು ಅವರೇ, ಇದಕ್ಕೆ ನನಗೆ ತಿಳಿದಿರುವ ಅತ್ಯಂತ ಸ್ಪಷ್ಟ ಉದಾಹರಣೆ 2009ರಲ್ಲಿ ಪ್ರಕಟವಾದ ಒಂದು ಹೋಲಿಕೆ. ಲ್ಯಾಕ್ಟಿಕೇಸಿಬ್ಯಾಸಿಲಸ್ ರ್‍ಯಾಮ್ನೋಸಸ್ ಪ್ರಭೇದದ ಎರಡು ತಳಿಗಳ ಜೀನೋಮನ್ನು ಸಂಶೋಧಕರು ಅಕ್ಕಪಕ್ಕದಲ್ಲಿಟ್ಟು ನೋಡಿದರು. ಒಂದು, ಮನುಷ್ಯರ ಕರುಳಿನಿಂದ ಬಂದ ಪ್ರಸಿದ್ಧ ಜಿಜಿ ತಳಿ. ಇನ್ನೊಂದು, ಹೈನು ಉದ್ಯಮದಲ್ಲಿ ಬಳಕೆಯಲ್ಲಿರುವ ಎಲ್‌ಸಿ705. ಎರಡೂ ಸುಮಾರು 30 ಲಕ್ಷ ಅಕ್ಷರಗಳ ಜೀನೋಮ್‌ಗಳು ಮತ್ತು ಬಹುಪಾಲು ಒಂದೇ ರೀತಿಯವು. ಆದರೆ ಜಿಜಿಯ ಮೈಮೇಲೆ ಕೂದಲೆಳೆಯಂತಹ ಪೈಲೈಗಳನ್ನು ಕಟ್ಟುವ ಮೂರು ವಂಶವಾಹಿಗಳ ಗೊಂಚಲೊಂದು ಸಿಕ್ಕಿತು, ಎಲ್‌ಸಿ705ರಲ್ಲಿ ಅದು ಇರಲಿಲ್ಲ. ಮನುಷ್ಯರ ಕರುಳಿನ ಲೋಳೆಗೆ ಜಿಜಿ ಗಟ್ಟಿಯಾಗಿ ಅಂಟಿಕೊಳ್ಳುವುದಕ್ಕೆ ಆ ಎಳೆಗಳೇ ಕಾರಣ. ಪ್ರಭೇದದ ಹೆಸರನ್ನಷ್ಟೇ ಓದಿದವರಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ.

ಬದುಕುವ ಜಾಗ ಜೀನೋಮನ್ನು ಹೇಗೆ ತಿದ್ದುತ್ತದೆ ಎಂಬುದನ್ನೂ ನೋಡಿ. ಪ್ಲಾಂಟಾರಮ್‌ನ ಡಬ್ಲ್ಯುಸಿಎಫ್‌ಎಸ್1 ತಳಿಯ ಜೀನೋಮ್ 2003ರಲ್ಲಿ ಪ್ರಕಟವಾಯಿತು, ಅದು ಸುಮಾರು 33 ಲಕ್ಷ ಅಕ್ಷರಗಳದ್ದು. ಸಸ್ಯ, ಹಾಲು, ಮಾಂಸ, ಕರುಳು ಎಲ್ಲಿ ಬಿಟ್ಟರೂ ಬದುಕುವ ಅಲೆಮಾರಿ ಅದು, ಬಗೆಬಗೆಯ ಸಕ್ಕರೆಗಳನ್ನು ಬಳಸುವ ಸಲಕರಣೆಯನ್ನೆಲ್ಲ ಹೊತ್ತುಕೊಂಡೇ ತಿರುಗುತ್ತದೆ. ಹುಳಿಹಿಟ್ಟಿನ ಬ್ರೆಡ್ಡಿನಲ್ಲಿರುವ ಫ್ರಕ್ಟಿಲ್ಯಾಕ್ಟೋಬ್ಯಾಸಿಲಸ್ ಸ್ಯಾನ್‌ಫ್ರಾನ್ಸಿಸೆನ್ಸಿಸ್‌ನ ಜೀನೋಮ್ ಅದರ ಅರ್ಧಕ್ಕೂ ಕಡಿಮೆ, ಸುಮಾರು 13 ಲಕ್ಷ. ಹಿಟ್ಟಿನ ಮಾಲ್ಟೋಸ್ ಸದಾ ಸಿಗುವಲ್ಲಿ ಉಳಿದದ್ದನ್ನೆಲ್ಲ ಅದು ಕಳಚಿಕೊಂಡಿದೆ. ಮೊಸರಿನ ಥರ್ಮೊಫಿಲಸ್ ಇನ್ನೊಂದು ಬಗೆ. ರೋಗಕಾರಕ ಸ್ಟ್ರೆಪ್ಟೊಕಾಕಸ್‌ಗಳ ಹತ್ತಿರದ ಬಂಧುವಾದ ಅದು ಹಾಲಿನಲ್ಲಿ ಬದುಕುತ್ತ ಬಂದು, ರೋಗ ಉಂಟುಮಾಡುವ ವಂಶವಾಹಿಗಳನ್ನು ಬಹುಮಟ್ಟಿಗೆ ಕಳೆದುಕೊಂಡಿದೆ. ಅದರ ವಂಶವಾಹಿಗಳಲ್ಲಿ ಹತ್ತಕ್ಕೊಂದರಷ್ಟು ಈಗ ಕೆಲಸಕ್ಕೆ ಬಾರದೆ ಮುರಿದು ಬಿದ್ದಿವೆ.

ಈ ವಿಷಯಕ್ಕೆ ಸೇರಿದ್ದೇ ಆದ್ದರಿಂದ ಇದನ್ನೂ ಹೇಳುತ್ತೇನೆ. ಕ್ರಿಸ್ಪರ್ ಎಂಬುದು ಬ್ಯಾಕ್ಟೀರಿಯಾದ ರೋಗನಿರೋಧಕ ವ್ಯವಸ್ಥೆ ಎಂದು 2007ರಲ್ಲಿ ಪ್ರಯೋಗದಿಂದ ತೋರಿಸಿದ್ದು ಇದೇ ಥರ್ಮೊಫಿಲಸ್‌ನಲ್ಲಿ. ಹಿಂದೆ ತನ್ನ ಮೇಲೆ ದಾಳಿ ಮಾಡಿದ ವೈರಸ್‌ಗಳ ತುಣುಕುಗಳನ್ನು ಅದು ಸಾಲಾಗಿ ಜೋಡಿಸಿಟ್ಟುಕೊಳ್ಳುತ್ತದೆ. ಈ ಸಾಲು ತಳಿಯಿಂದ ತಳಿಗೆ ಬೇರೆಯಾಗಿರುವುದರಿಂದ ತಳಿಗಳನ್ನು ಗುರುತಿಸಲೂ ಅದನ್ನು ಬಳಸುತ್ತಾರೆ.

ಜೋಳಿಗೆ

ಇಲ್ಲಿಯವರೆಗಿನ ಚರ್ಚೆ ಒಂದೊಂದೇ ತಳಿಯ ಸುತ್ತ ತಿರುಗುತ್ತಿದೆ. ನಾನು ಹುದುಗುವಿಕೆಯ ಪ್ರಕ್ರಿಯೆಯನ್ನೇ ಅಧ್ಯಯನ ಮಾಡುವವನು. ಒಂದು ಪಾತ್ರೆಯ ಆಹಾರವನ್ನು ಅದರಲ್ಲಿ ಸುಲಭವಾಗಿ ಬೆಳೆದ ಒಂದು ಬ್ಯಾಕ್ಟೀರಿಯಾಕ್ಕೆ ಇಳಿಸಿಬಿಡುವುದು ನನಗೆ ಸರಿಕಾಣುವುದಿಲ್ಲ.

ಉಪ್ಪು ಹಾಕಿದ ಎಲೆಕೋಸಿನ ಪಾತ್ರೆಯೊಳಗೆ ಏನು ನಡೆಯುತ್ತದೆ ನೋಡಿ. ಕೋಸಿನ ತೂಕದ ಶೇಕಡಾ 2ರಿಂದ 2.5ರಷ್ಟು ಉಪ್ಪು ಬಿದ್ದಾಗ ಎಲೆಯಿಂದ ನೀರು ಹೊರಬರುತ್ತದೆ, ಆ ನೀರಿನಲ್ಲಿ ಸಕ್ಕರೆ ಇರುತ್ತದೆ. ಮೊದಲ ದಿನಗಳಲ್ಲಿ ಮುಂದಾಳತ್ವ ವಹಿಸುವುದು ಲ್ಯೂಕೊನೊಸ್ಟಾಕ್ ಮೆಸೆಂಟೆರಾಯ್ಡಿಸ್. ಅದು ಆಮ್ಲದ ಜೊತೆಗೆ ಇಂಗಾಲದ ಡೈಆಕ್ಸೈಡನ್ನೂ ಬಿಡುವುದರಿಂದ ಮೇಲ್ಭಾಗದಲ್ಲಿ ಗುಳ್ಳೆ ಏಳುತ್ತದೆ, ಒಳಗಿನ ಗಾಳಿ ಹೊರಹೋಗುತ್ತದೆ, ಗಾಳಿ ಬೇಕಾದ ಕೆಡುಕಿನ ಜೀವಿಗಳು ಹಿಂದೆ ಸರಿಯುತ್ತವೆ. ತಾನೇ ಮಾಡಿದ ಆಮ್ಲ ಹೆಚ್ಚಾದಾಗ ಲ್ಯೂಕೊನೊಸ್ಟಾಕ್ ಕುಗ್ಗುತ್ತದೆ, ಲೆವಿಲ್ಯಾಕ್ಟೋಬ್ಯಾಸಿಲಸ್ ಬ್ರೆವಿಸ್ ಮತ್ತು ಆಮ್ಲವನ್ನು ಚೆನ್ನಾಗಿ ತಾಳಿಕೊಳ್ಳುವ ಪ್ಲಾಂಟಾರಮ್ ಮೇಲೇಳುತ್ತವೆ. ಪಿಎಚ್ 3.5ರ ಆಸುಪಾಸಿಗೆ ಇಳಿದಾಗ ಪಾತ್ರೆಯಲ್ಲಿ ಬಹುತೇಕ ಪ್ಲಾಂಟಾರಮ್ ಉಳಿದಿರುತ್ತದೆ.

ನೀಲಾಂಬರಿಯವರೇ, ನೀವು ಮಾದರಿ ತೆಗೆದದ್ದು ಯಾವ ದಿನ? ಹಣ್ಣಾದ ಹುದುಗಿನಿಂದ ಮಾತ್ರ ತೆಗೆದಿದ್ದರೆ ನಿಮಗೆ ಪ್ಲಾಂಟಾರಮ್ ಸಿಕ್ಕಿದ್ದು ಸಹಜ, ಅದು ಆಹಾರದ ವೈವಿಧ್ಯವನ್ನು ಹೇಳುವುದಿಲ್ಲ. ಎರಡನೆಯ ದಿನದ ನೀರನ್ನು ಸುಕ್ರೋಸ್ ಬೆರೆಸಿದ ಅಗರ್ ಮೇಲೆ ಹರಡಿ ನೋಡಿ. ಡೆಕ್ಸ್‌ಟ್ರಾನ್ ತಯಾರಿಸುವ ಲ್ಯೂಕೊನೊಸ್ಟಾಕ್ ಕಾಲೊನಿಗಳು ಲೋಳೆಯ ಹನಿಗಳಂತೆ ಉಬ್ಬಿ ಹೊಳೆಯುತ್ತವೆ, ಸೂಜಿಯಿಂದ ಮುಟ್ಟಿದರೆ ದಾರದಂತೆ ಎಳೆ ಬರುತ್ತದೆ.

ಇನ್ನೊಂದು ಎಚ್ಚರಿಕೆ. ‘ಈ ಪ್ರದೇಶದ ಆಹಾರವಾದ್ದರಿಂದ ಇಲ್ಲಿನ ಬ್ಯಾಕ್ಟೀರಿಯಾ ವಿಶಿಷ್ಟ’ ಎಂಬ ವಾಕ್ಯ ಇಂತಹ ಪ್ರಬಂಧಗಳಲ್ಲಿ ತಾನಾಗಿಯೇ ಬಂದು ಕೂರುತ್ತದೆ. ನಾಲ್ಕು ಖಂಡಗಳಿಂದ ಸಂಗ್ರಹಿಸಿದ 500 ಹುಳಿಹಿಟ್ಟಿನ ಹೆಪ್ಪುಗಳನ್ನು ಪರಿಶೀಲಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಯಾವ ಸೂಕ್ಷ್ಮಜೀವಿಗಳಿವೆ ಎಂಬುದರ ಮೇಲೆ ಊರಿನ ಪ್ರಭಾವ ಬಹಳ ಕಡಿಮೆ ಎಂದು ಕಂಡುಬಂತು. ಪ್ಲಾಂಟಾರಮ್‌ನ 54 ತಳಿಗಳ ಜೀನೋಮ್ ಹೋಲಿಸಿದ 2016ರ ಅಧ್ಯಯನದಲ್ಲಿಯೂ ತಳಿಗಳು ತಾವು ಸಿಕ್ಕ ಜಾಗದ ಪ್ರಕಾರ ಗುಂಪುಗೂಡಲಿಲ್ಲ.

ತುಂಬೆಹೂ

ಜೋಳಿಗೆಯವರ ಮಾತನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಹುದುಗಿಸಿದ ಆಹಾರ ಬೇರೆ, ಪ್ರೊಬಯಾಟಿಕ್ ಬೇರೆ. ಪ್ರೊಬಯಾಟಿಕ್ ಎಂದು ಸಾಬೀತಾಗದಿದ್ದರೂ ಹುದುಗಿಸಿದ ಆಹಾರ ಒಳ್ಳೆಯದಾಗಿರಬಹುದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 36 ವಯಸ್ಕರನ್ನು ಎರಡು ಗುಂಪು ಮಾಡಿ ಹತ್ತು ವಾರ ನಡೆಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಹುದುಗಿಸಿದ ಆಹಾರವನ್ನು ಹೆಚ್ಚಾಗಿ ತಿಂದ ಗುಂಪಿನಲ್ಲಿ ಕರುಳಿನ ಸೂಕ್ಷ್ಮಜೀವಿಗಳ ವೈವಿಧ್ಯ ಏರಿತು, ಉರಿಯೂತದ ಹಲವು ಸೂಚಕಗಳು ಇಳಿದವು. ಆದರೆ ಕರುಳಿನಲ್ಲಿ ಹೊಸದಾಗಿ ಕಂಡವುಗಳಲ್ಲಿ ಆಹಾರದಿಂದ ನೇರವಾಗಿ ಬಂದವು ಸಣ್ಣ ಪಾಲು ಮಾತ್ರ. ಆಹಾರ ಏನನ್ನೋ ಬದಲಾಯಿಸಿತು, ಆದರೆ ಆಹಾರದ ಬ್ಯಾಕ್ಟೀರಿಯಾ ಅಲ್ಲಿ ಮನೆ ಮಾಡಿಕೊಂಡಿದ್ದರಿಂದ ಅಲ್ಲ.

2024ರಲ್ಲಿ ಬಂದ ಇನ್ನೂ ದೊಡ್ಡ ಕೆಲಸದಲ್ಲಿ 2,533 ಆಹಾರ ಮಾದರಿಗಳ ಒಟ್ಟು ಡಿಎನ್‌ಎಯನ್ನು ವಿಶ್ಲೇಷಿಸಿ ಹತ್ತು ಸಾವಿರಕ್ಕೂ ಹೆಚ್ಚು ಜೀನೋಮ್‌ಗಳನ್ನು ಕಟ್ಟಿಕೊಟ್ಟರು. ವಯಸ್ಕರ ಕರುಳಿನ ಸೂಕ್ಷ್ಮಜೀವಿಗಳಲ್ಲಿ ಆಹಾರದಲ್ಲಿಯೂ ಕಾಣುವ ಪ್ರಭೇದಗಳ ಪಾಲು ಸರಾಸರಿ ಶೇಕಡಾ 3ರಷ್ಟು ಎಂದು ಅದರಿಂದ ತಿಳಿದುಬಂತು.

ನೀಲಾಂಬರಿ

ಮಾದರಿಗಳನ್ನು ನಾನು ಕೊನೆಯ ದಿನ ಮಾತ್ರ ತೆಗೆದಿದ್ದೆ. ಜೋಳಿಗೆಯವರು ಕೇಳುವವರೆಗೂ ಅದು ನನಗೆ ಹೊಳೆದಿರಲಿಲ್ಲ.

ಈಗ ಇನ್ನೊಂದು ಆತಂಕ. ಪ್ರತಿಜೀವಕಗಳ ಪರೀಕ್ಷೆಯಲ್ಲಿ ನನ್ನ ಎಲ್ಲ ತಳಿಗಳೂ ವ್ಯಾಂಕೊಮೈಸಿನ್ನನ್ನು ತಡೆದುಕೊಂಡವು, ಔಷಧದ ಬಿಲ್ಲೆಯ ಅಂಚಿನವರೆಗೂ ದಟ್ಟವಾಗಿ ಬೆಳೆದಿವೆ. ಇವು ತಿನ್ನಲು ಅಪಾಯಕಾರಿಯೇ? ಕೆಲಸವನ್ನು ಇಲ್ಲಿಗೇ ನಿಲ್ಲಿಸಬೇಕೇ?

ಮರುದನಿ

ನಾನು ಆಸ್ಪತ್ರೆಯೊಂದರ ಸೂಕ್ಷ್ಮಜೀವಿ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ಗಾಬರಿಯಾಗಬೇಡಿ, ಆದರೆ ಉಳಿದ ಭಾಗವನ್ನು ಗಮನವಿಟ್ಟು ಓದಿ.

ವ್ಯಾಂಕೊಮೈಸಿನ್, ಬ್ಯಾಕ್ಟೀರಿಯಾದ ಗೋಡೆಯ ಇಟ್ಟಿಗೆಗಳ ತುದಿಯಲ್ಲಿರುವ ಎರಡು ಡಿ-ಅಲನಿನ್ ಅಣುಗಳನ್ನು ಹಿಡಿದುಕೊಂಡು ಗೋಡೆ ಕಟ್ಟುವುದನ್ನು ನಿಲ್ಲಿಸುತ್ತದೆ. ಪ್ಲಾಂಟಾರಮ್, ರ್‍ಯಾಮ್ನೋಸಸ್, ಲ್ಯೂಕೊನೊಸ್ಟಾಕ್, ಪೀಡಿಯೊಕಾಕಸ್ ಮುಂತಾದವುಗಳಲ್ಲಿ ಆ ತುದಿಯಲ್ಲಿ ಡಿ-ಅಲನಿನ್ ಬದಲು ಡಿ-ಲ್ಯಾಕ್ಟೇಟ್ ಇದೆ, ಔಷಧಕ್ಕೆ ಹಿಡಿತ ಸಿಗುವುದಿಲ್ಲ. ಇದು ಅವುಗಳ ಹುಟ್ಟುಗುಣ, ಮುಖ್ಯ ಕ್ರೋಮೋಸೋಮಿನ ಭಾಗ, ಬೇರೆ ಬ್ಯಾಕ್ಟೀರಿಯಾಕ್ಕೆ ದಾಟುವಂಥದ್ದಲ್ಲ. ನೀವು ಭಯಪಡಬೇಕಾದದ್ದು ಟೆಟ್‌ಎಂ, ಎರ್ಮ್‌ಬಿ ಮೊದಲಾದ, ಟೆಟ್ರಾಸೈಕ್ಲಿನ್ ಮತ್ತು ಎರಿಥ್ರೊಮೈಸಿನ್ನುಗಳಿಗೆ ಪ್ರತಿರೋಧ ಕೊಡುವ ವಂಶವಾಹಿಗಳಿಗೆ. ಇವು ಹೆಚ್ಚಾಗಿ ಪ್ಲಾಸ್ಮಿಡ್ (ಕ್ರೋಮೋಸೋಮಿನಿಂದ ಬೇರೆಯಾದ ಸಣ್ಣ ಡಿಎನ್‌ಎ ಉಂಗುರ) ಅಥವಾ ಜಿಗಿಯುವ ತುಣುಕುಗಳ ಮೇಲೆ ಇರುತ್ತವೆ ಮತ್ತು ಕರುಳಿನಲ್ಲಿರುವ ರೋಗಕಾರಕಗಳಿಗೆ ದಾಟಬಲ್ಲವು. ಅಂತಹ ತಳಿ ಆಮ್ಲದಲ್ಲಿ ಎಷ್ಟೇ ಚೆನ್ನಾಗಿ ಬದುಕಿದರೂ ಪಕ್ಕಕ್ಕಿಡಿ. ಬಿಲ್ಲೆಯ ಪರೀಕ್ಷೆಯನ್ನು ಮಾತ್ರ ನೆಚ್ಚದೆ ಕನಿಷ್ಠ ತಡೆಗಟ್ಟುವ ಸಾಂದ್ರತೆಯನ್ನು, ಅಂದರೆ ಬೆಳವಣಿಗೆಯನ್ನು ತಡೆಯಲು ಬೇಕಾದ ಔಷಧದ ಅತಿ ಕಡಿಮೆ ಪ್ರಮಾಣವನ್ನು, ಅಳೆಯಿರಿ.

ಎಂಟೆರೊಕಾಕಸ್ ಎಂಬ ಬ್ಯಾಕ್ಟೀರಿಯಾ ಸಿಕ್ಕರೆ ಇನ್ನಷ್ಟು ಎಚ್ಚರ ಬೇಕು. ಸಾಂಪ್ರದಾಯಿಕ ಚೀಸ್‌ಗಳಲ್ಲಿ ಅದು ಸಾಮಾನ್ಯ, ಆಸ್ಪತ್ರೆಯ ಸೋಂಕುಗಳಲ್ಲಿಯೂ ಸಾಮಾನ್ಯ. ಹಿಸ್ಟಿಡಿನ್, ಟೈರೊಸಿನ್ ಅಮೈನೊ ಆಮ್ಲಗಳಿಂದ ಹಿಸ್ಟಮಿನ್, ಟೈರಮಿನ್ ತಯಾರಿಸುವ ಕಿಣ್ವಗಳ ವಂಶವಾಹಿಗಳನ್ನೂ ಹುಡುಕಿ. ಅವು ತಲೆನೋವಿನಿಂದ ಹಿಡಿದು ರಕ್ತದೊತ್ತಡ ಏರುವವರೆಗೆ ತೊಂದರೆ ಕೊಡಬಲ್ಲವು. ‘ತಲೆಮಾರುಗಳಿಂದ ತಿನ್ನುತ್ತಿದ್ದೇವೆ’ ಎಂಬ ಮಾತಿಗೆ ಆಹಾರದ ಮಟ್ಟದಲ್ಲಿ ಬೆಲೆಯಿದೆ. ಆದರೆ ಅದರಿಂದ ಒಂದು ತಳಿಯನ್ನು ತೆಗೆದು, ಸಾವಿರಾರು ಪಟ್ಟು ಹೆಚ್ಚಿಸಿ, ರೋಗನಿರೋಧಕ ಶಕ್ತಿ ಕುಂದಿದವರಿಗೆ ಕ್ಯಾಪ್ಸೂಲಿನಲ್ಲಿ ಕೊಡುವಾಗ ಆ ಮಾತು ಸಾಲದು. ಲ್ಯಾಕ್ಟೋಬ್ಯಾಸಿಲಸ್ ಬಳಗದ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿದ ಪ್ರಕರಣಗಳು ವಿರಳವಾದರೂ ವೈದ್ಯಕೀಯ ದಾಖಲೆಗಳಲ್ಲಿ ಇವೆ.

ಹೊಂಬೆಳಕು

ಹಾಗಾದರೆ ಈ ಪ್ಲಾಂಟಾರಮ್ ಮನುಷ್ಯರಿಗೆ ಉಪಕಾರ ಮಾಡಿದೆ ಎಂದು ತೋರಿಸಿದ ದೊಡ್ಡ ಅಧ್ಯಯನ ಒಂದಾದರೂ ಇದೆಯೇ?

ತುಂಬೆಹೂ

ಇದೆ, 2017ರಲ್ಲಿ ಪ್ರಕಟವಾದದ್ದು. ಒಡಿಶಾದ ಗ್ರಾಮೀಣ ಭಾಗದ 4,556 ನವಜಾತ ಶಿಶುಗಳ ಮೇಲೆ ಅದು ನಡೆಯಿತು. ಪ್ಲಾಂಟಾರಮ್‌ನ ಎಟಿಸಿಸಿ 202195 ಎಂಬ ತಳಿಯನ್ನು, ಅದಕ್ಕೆ ಆಹಾರವಾಗುವ ಫ್ರಕ್ಟೊ-ಒಲಿಗೋಸ್ಯಾಕರೈಡ್ ಜೊತೆಗೆ ಏಳು ದಿನ ಕೊಟ್ಟರು. ನಂಜು ಅಥವಾ ಸಾವಿನ ಪ್ರಮಾಣ ಹುಸಿಮದ್ದು ಪಡೆದ ಗುಂಪಿನಲ್ಲಿ ಶೇಕಡಾ 9 ಇದ್ದರೆ, ಇದನ್ನು ಪಡೆದ ಗುಂಪಿನಲ್ಲಿ 5.4ಕ್ಕೆ ಇಳಿಯಿತು. ಯಾರಿಗೆ ಎಂಬುದಕ್ಕೆ ನವಜಾತ ಶಿಶುಗಳಿಗೆ ಎಂಬ ಉತ್ತರ ಅಲ್ಲಿದೆ, ಯಾವ ಪ್ರಯೋಜನ ಎಂಬುದಕ್ಕೂ ಇದೆ, ತಳಿಯ ಸಂಖ್ಯೆಯೂ ಇದೆ. ಆ ಫಲಿತಾಂಶವನ್ನು ನೀಲಾಂಬರಿಯವರ ಪ್ಲಾಂಟಾರಮ್‌ಗೆ ಎರವಲು ತರಲಾಗದು.

ಜೋಳಿಗೆ

ಕೊನೆಯದಾಗಿ ಒಂದು ವಿನಂತಿ. ತಳಿಗಳನ್ನು ಮಾನ್ಯತೆ ಪಡೆದ ಸಂಗ್ರಹಾಲಯದಲ್ಲಿ ಠೇವಣಿ ಇಡುವಾಗ, ಆ ಆಹಾರವನ್ನು ಮಾಡಿ ಕೊಟ್ಟವರ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆದಿರಿ. ಜೈವಿಕ ಸಂಪನ್ಮೂಲದ ಲಾಭ ಹಂಚಿಕೆಗೆ ಸಂಬಂಧಿಸಿದ ನಗೋಯಾ ಒಪ್ಪಂದ 2014ರ ಅಕ್ಟೋಬರಿನಿಂದ ಜಾರಿಯಲ್ಲಿದೆ. ಕಾನೂನಿನ ಮಾತು ಹಾಗಿರಲಿ, ಹೆಪ್ಪನ್ನು ತಲೆಮಾರುಗಳಿಂದ ಸಾಯದಂತೆ ಕಾಪಾಡಿಕೊಂಡು ಬಂದವರ ಹೆಸರು ಅವರ ಇಚ್ಛೆಯಿದ್ದಲ್ಲಿ ಪ್ರಬಂಧದಲ್ಲಿ ಬರಬೇಕು. ತಳಿಯನ್ನು ಉಳಿಸಿದ್ದು ಅವರು, ನಾವು ಅಗರ್ ಮೇಲೆ ಗೀರಿದ್ದೇವೆ.

ನೀಲಾಂಬರಿ

ನಿಮ್ಮೆಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಕರಡಿನ ವಾಕ್ಯವನ್ನು ಹೀಗೆ ತಿದ್ದಿದ್ದೇನೆ: ‘ಹುದುಗುವಿಕೆಯ ಅಂತಿಮ ಹಂತದ ಮಾದರಿಗಳಿಂದ ಬೇರ್ಪಡಿಸಿದ ತಳಿಗಳಲ್ಲಿ ಕೆಲವು, ಪ್ರಯೋಗಾಲಯದ ಪರಿಸ್ಥಿತಿಯಲ್ಲಿ ಆಮ್ಲ ಮತ್ತು ಪಿತ್ತಲವಣವನ್ನು ತಾಳಿಕೊಂಡವು, ಅವುಗಳ ಪ್ರೊಬಯಾಟಿಕ್ ಸಾಮರ್ಥ್ಯ ಇನ್ನೂ ಪರಿಶೀಲನೆಗೆ ಒಳಪಡಬೇಕಾಗಿದೆ.’ ಮಾರ್ಗದರ್ಶಕರು ಈ ಬಾರಿ ಕೆಂಪು ಗೆರೆ ಎಳೆದಿಲ್ಲ, ‘ಎಷ್ಟು ತಳಿ?’ ಎಂದು ಕೇಳಿದ್ದಾರೆ. ಮೈನಸ್ 80 ಡಿಗ್ರಿಯಲ್ಲಿಟ್ಟ ಗ್ಲಿಸರಾಲ್ ಕೊಳವೆಗಳನ್ನು ಹೊರತೆಗೆದು, ಎಲ್ಲವನ್ನೂ ಮತ್ತೆ ಬೆಳೆಸಲು ಇಟ್ಟಿದ್ದೇನೆ. ಗುರುವಾರ ರೆಪ್-ಪಿಸಿಆರ್ ಜೆಲ್ ಓಡಿಸಿದ ಮೇಲೆ ಎಷ್ಟು ಸಾಲುಗಳು ಬೇರೆಬೇರೆಯಾಗಿ ನಿಂತವು ಎಂಬುದನ್ನು ಇಲ್ಲಿಯೇ ಬಂದು ತಿಳಿಸುತ್ತೇನೆ. ಹೊಸ ಪಾತ್ರೆಯೊಂದಕ್ಕೆ ಇಂದು ಬೆಳಿಗ್ಗೆ ಉಪ್ಪು ಹಾಕಿಯಾಗಿದೆ, ನಾಡಿದ್ದು ಅದರ ನೀರನ್ನು ಸುಕ್ರೋಸ್ ಅಗರ್ ಮೇಲೆ ಹರಡುತ್ತೇನೆ.